ಹತ್ತು ನಿಮಿಷದ ಮಳೆಗೆ ದಂಬೆ, ಐದು ತಿಂಗಳ ಬಿಸಿಲಿಗೆ ಟ್ಯಾಂಕಿ

ಕಾಸರಗೋಡಿನಲ್ಲಿ ಮನೆ ಕಟ್ಟಲು ಹೊರಟವರಿಗೆ ಎಲ್ಲರೂ ಹೇಳುವ ಅಂಕೆ ಒಂದೇ: ಇಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ. ಈ ಅಂಕೆ ಹಿಡಿದುಕೊಂಡು ಮಾಡಿನ, ಅಂದರೆ ಸೂರಿನ, ಒಂದು ರೀಪನ್ನೂ ತೀರ್ಮಾನಿಸಲು ಬರುವುದಿಲ್ಲ. ಅಂಚಿನಲ್ಲಿ ನೀರು ಹಿಡಿದೊಯ್ಯುವ ದಂಬೆ ಎಷ್ಟು ಅಗಲವಿರಬೇಕು ಎಂಬುದಕ್ಕೆ ಬೇಕಾದದ್ದು ಹತ್ತು ನಿಮಿಷದ ಲೆಕ್ಕ. ಪಡುವಣ ಜಗಲಿಗೆ ತಟ್ಟಿ ಬೇಕೇ ಎಂಬುದನ್ನು ಹೇಳುವುದು ಗಾಳಿ. ಗೋಡೆಗೆ ಮುಖ್ಯವಾದದ್ದು ಎಷ್ಟು ದಿನ ಸತತವಾಗಿ ಬಿಸಿಲು ಕಾಣಲಿಲ್ಲ ಎಂಬುದು. ಟ್ಯಾಂಕಿಗೆ ಮುಖ್ಯವಾದದ್ದು ತುಲಾಮಾಸದ (ಅಕ್ಟೋಬರ್-ನವೆಂಬರ್) ಕೊನೆಯ ಮಳೆಯಿಂದ ಮುಂದಿನ ಮೊದಲ ಮಳೆಯವರೆಗಿನ ಅಂತರ. ಮಳೆ ಒಂದೇ ಆದರೂ ಮನೆಯ ಒಂದೊಂದು ಅಂಗಕ್ಕೆ ಅದು ಬೇರೆ ಬೇರೆ ಗಡಿಯಾರದಲ್ಲಿ ಬೀಳುತ್ತದೆ.

ಮಳೆಗೆ ಸ್ಪಂದಿಸುವ ಕಟ್ಟಡ ಎಂದರೆ ಈಗ ಹೆಚ್ಚಿನವರ ಕಣ್ಣ ಮುಂದೆ ಬರುವುದು ಮೋಟಾರು, ಸೆನ್ಸರು, ತಾನಾಗಿ ಮುಚ್ಚುವ ಕಿಟಕಿ. ನಮ್ಮ ಊರಿಗೆ ಅದು ಹೊಂದುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಜೂನ್ ತಿಂಗಳ ಗಾಳಿಗೆ ತಂತಿಯ ಮೇಲೆ ಮರ ಬೀಳುವುದೂ ಕಿಟಕಿ ಮುಚ್ಚಬೇಕಾದದ್ದೂ ಒಂದೇ ಗಳಿಗೆಯಲ್ಲಿ. ಕರೆಂಟು ಹೋದಾಗ ಕೆಲಸ ಮಾಡದ ಯಂತ್ರ ಮಳೆಗಾಲಕ್ಕೆ ಪ್ರಯೋಜನವಿಲ್ಲ. ಹಾಗಾಗಿ ಅಳೆಯುವುದಕ್ಕೆ ಮಾತ್ರ ಬ್ಯಾಟರಿ ಬಳಸಬೇಕು, ಅಲುಗಾಡಿಸುವ ಕೆಲಸವನ್ನು ಬಿದ್ದ ನೀರಿನ ತೂಕಕ್ಕೇ ಬಿಡಬೇಕು. ಮುಂದೆ ಬರೆದದ್ದೆಲ್ಲ ಇದರ ವಿವರ.

ಮೊದಲು ಅಳತೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿ.ಮೀ. ಮುಟ್ಟಿದರೆ ಭಾರೀ ಮಳೆ, 115.6 ಮುಟ್ಟಿದರೆ ಅತಿ ಭಾರೀ, 204.4 ದಾಟಿದರೆ ಅತ್ಯಂತ ಭಾರೀ. ಈಗ ಒಂದು ಲೆಕ್ಕ ಮಾಡಿ. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್. 204 ಮಿ.ಮೀ. ಮಳೆ ಇಡೀ ದಿನ ಒಂದೇ ಸಮನೆ ಸುರಿದರೆ ಗಂಟೆಗೆ ಎಂಟೂವರೆ ಮಿ.ಮೀ. ಆಯಿತು, ನೂರು ಚದರ ಮೀಟರಿನ ಮಾಡಿನಿಂದ ನಿಮಿಷಕ್ಕೆ 14 ಲೀಟರ್ ಇಳಿಯುತ್ತದೆ. ಒಳ್ಳೆಯ ಒಂದು ನಳ್ಳಿಯ ನೀರು, ಅಷ್ಟೆ. ಯಾವ ಸಣ್ಣ ದಂಬೆಯೂ ಅದನ್ನು ಹೊತ್ತೀತು. ಅದೇ ಸಂಜೆಯ ಒಂದು ಮಳೆ ಹತ್ತು ನಿಮಿಷದಲ್ಲಿ 25 ಮಿ.ಮೀ. ಸುರಿದು ನಿಂತರೆ ನಿಮಿಷಕ್ಕೆ 250 ಲೀಟರ್. ದಂಬೆ ತುಂಬಿ ಗೋಡೆಗೆ ಹರಿಯುವುದು ಆಗ. ಆದರೆ ಮರುದಿನ ಬೆಳಗ್ಗೆ ಎಂಟೂವರೆಗೆ ಮಾಪಕ ಓದಿದರೆ ಆ ದಿನದ ಲೆಕ್ಕ ಬರೇ 25. ಅದು ಭಾರೀ ಮಳೆಯ ಪಟ್ಟಿಗೂ ಸೇರುವುದಿಲ್ಲ. ದಿನದ ಲೆಕ್ಕ ನೋಡಿ ದಂಬೆ ಆರಿಸಬಾರದು ಎನ್ನುವುದು ಇದಕ್ಕೇ.

ನಮ್ಮಲ್ಲಿ ಮಳೆ ಲೆಕ್ಕ ಬರೆದಿಡುವ ಅಡಿಕೆ ಕೃಷಿಕರು ಇದ್ದಾರೆ. ಕೂಡ್ಲಿನ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯಲ್ಲಿ ಹವಾಮಾನದ ದಾಖಲೆಯೂ ಇದೆ. ದಿನದ ಲೆಕ್ಕಕ್ಕೆ ಇವು ಸಾಕು. ಕಟ್ಟಡಕ್ಕೆ ಬೇಕಾದ ನಿಮಿಷದ ಲೆಕ್ಕಕ್ಕೆ ತೂಗುಬಟ್ಟಲಿನ ಮಾಪಕ ಬೇಕು. ಎರಡು ಸಣ್ಣ ಬಟ್ಟಲು ತಕ್ಕಡಿಯ ಹಾಗೆ ಕೂತಿರುತ್ತವೆ; ಒಂದು ತುಂಬಿದಾಗ ಮಗುಚಿ ಇನ್ನೊಂದು ಮೇಲೆ ಬರುತ್ತದೆ. ನಡುವಿನ ಅಯಸ್ಕಾಂತ ಪ್ರತಿ ಸಲವೂ ರೀಡ್ ಸ್ವಿಚ್ಚನ್ನು (ಅಯಸ್ಕಾಂತ ಹತ್ತಿರ ಬಂದಾಗ ಕೂಡುವ ಸ್ವಿಚ್ಚು) ದಾಟುತ್ತದೆ, ಇಎಸ್‌ಪಿ32 ಎಂಬ ಸಣ್ಣ ಗಣಕದ ಬೋರ್ಡು ಅದರ ಹೊತ್ತನ್ನು ಬರೆದಿಡುತ್ತದೆ. ಮೇಲಿನ ಬಾಯಿ 200 ಚದರ ಸೆಂ.ಮೀ. ಇದ್ದು ಒಂದು ಮಗುಚುವಿಕೆ 0.2 ಮಿ.ಮೀ. ಆಗಬೇಕಾದರೆ ಬಟ್ಟಲಲ್ಲಿ ಸರಿಯಾಗಿ 4 ಮಿಲಿಲೀಟರ್ ಹಿಡಿಯಬೇಕು. ಪರೀಕ್ಷೆ ಸುಲಭ: ಒಂದು ಲೀಟರ್ ನೀರನ್ನು ಮುಕ್ಕಾಲು ಗಂಟೆ ಹಿಡಿದು ಹನಿ ಹನಿಯಾಗಿ ಬಿಡಿ, 250 ಸಲ ಮಗುಚಬೇಕು. ಬೇಗ ಸುರಿದರೆ ಲೆಕ್ಕ ಕಡಿಮೆ ಬರುತ್ತದೆ, ಏಕೆಂದರೆ ಬಟ್ಟಲು ಮಗುಚುತ್ತಿರುವಾಗಲೂ ನೀರು ಬೀಳುತ್ತಲೇ ಇರುತ್ತದೆ. ಜೋರು ಮಳೆಯಲ್ಲೂ ಇದೇ ತಪ್ಪು ಆಗುತ್ತದೆ. ಆದ್ದರಿಂದ ಪಕ್ಕದಲ್ಲಿ ನೆಟ್ಟಗಿನ ಬದಿಯ ಒಂದು ಡಬ್ಬಿ ಇಟ್ಟು ದಿನದ ಮೊತ್ತ ತಾಳೆ ನೋಡಿ. ಸ್ವಿಚ್ಚು ಒಂದೇ ಸಲಕ್ಕೆ ಎರಡು ಎಣಿಸುವುದುಂಟು. 200 ಮಿಲಿಸೆಕೆಂಡಿನ ಒಳಗೆ ಬಂದ ಎರಡನೆಯದನ್ನು ಬಿಟ್ಟುಬಿಡುವಂತೆ ಬರೆಯಿರಿ. ಬಟ್ಟಲಿನ ಅಡಿಯಲ್ಲಿ ಜೇಡ ಬಲೆ ಕಟ್ಟಿದರೆ ತಕ್ಕಡಿ ನಿಂತೇ ಹೋಗುತ್ತದೆ, ವಾರಕ್ಕೊಮ್ಮೆ ಒರೆಸಬೇಕು. ಮಾಪಕ ಇಡುವ ಜಾಗ ಹತ್ತಿರದ ಮರದ ಎತ್ತರದ ಎರಡು ಪಟ್ಟಾದರೂ ದೂರ ಇರಬೇಕು. ತೋಟದ ನಡುವಿನ ಮನೆಗೆ ಇದು ಕಷ್ಟ. ಅಂಥಲ್ಲಿ ಗುಡ್ಡದ ಪಾರೆಯ, ಅಂದರೆ ಮರವಿಲ್ಲದ ಬಯಲು ಕಲ್ಲಿನ, ಮೇಲೆ ಇಡುವುದೇ ಸರಿ.

ಒಂದು ಮಳೆಗಾಲದ ದಾಖಲೆ ಸಿಕ್ಕಿದರೂ ಸಾಕು, ಊರಿನವರು ನಕ್ಷತ್ರದ ಹೆಸರು ಹಿಡಿದು ಹೇಳುವ ವ್ಯತ್ಯಾಸ ಗೆರೆಯಲ್ಲಿ ಕಾಣುತ್ತದೆ. ಆರಿದ್ರಾ, ಪುನರ್ವಸುವಿನ (ಜೂನ್ ಕೊನೆಯಿಂದ ಜುಲೈ) ಮಳೆ ಪಡುವಣದಿಂದ, ನೈಋತ್ಯದಿಂದ ಗಾಳಿಯ ಜೊತೆ ಬಂದು ಬಿಟ್ಟು ಬಿಟ್ಟು ದಿನವಿಡೀ ಹೊಡೆಯುತ್ತದೆ. ಚಿತ್ತಾ, ಸ್ವಾತಿಯ (ಅಕ್ಟೋಬರಿನಿಂದ ನವೆಂಬರ್ ಮೊದಲು) ಮಳೆ ಮಧ್ಯಾಹ್ನದ ಮೇಲೆ ಘಟ್ಟದ ಕಡೆಯಿಂದ ಗುಡುಗಿಕೊಂಡು ಬಂದು, ಒಂದು ಗಂಟೆ ಸುರಿದು ನಿಲ್ಲುತ್ತದೆ. ಅಂದರೆ ಮನೆಯ ಪಡುವಣ ಮೈಗೂ ಮೂಡಣ ಮೈಗೂ ಒಂದೇ ವಿನ್ಯಾಸ ಸಲ್ಲದು. ಮೊದಲನೆಯದು ಗಾಳಿಗೆ, ಎರಡನೆಯದು ರಭಸಕ್ಕೆ.

ದಂಬೆಯ ಲೆಕ್ಕಕ್ಕೆ ನಾನು ಗಂಟೆಗೆ 150 ಮಿ.ಮೀ. ಎಂದೇ ಹಿಡಿಯುತ್ತೇನೆ, ಅಂದರೆ ಮೇಲೆ ಹೇಳಿದ ಹತ್ತು ನಿಮಿಷಕ್ಕೆ 25. ಎರಡು ಇಳಿಜಾರಿನ, ಒಂದೊಂದು ಬದಿ ನೆಲದ ಅಳತೆಯಲ್ಲಿ 60 ಚದರ ಮೀಟರ್ ಇರುವ ಮಾಡು ಎಂದಿಟ್ಟುಕೊಳ್ಳಿ. ಒಂದು ಬದಿಯಿಂದ ಸೆಕೆಂಡಿಗೆ ಎರಡೂವರೆ ಲೀಟರ್. ಪಡುವಣ ಬದಿಗೆ ಇಷ್ಟೇ ಸಾಲದು. ಓರೆಯಾಗಿ ಬರುವ ಮಳೆ ಇಳಿಜಾರಿನ ಮುಖಕ್ಕೆ ಹೆಚ್ಚು ಬಡಿಯುವುದರಿಂದ ಮಾಡು ಎಷ್ಟು ಎತ್ತರ ಏರುತ್ತದೋ ಅದರ ಅರ್ಧವನ್ನು ಅಗಲಕ್ಕೆ ಕೂಡಿಸಬೇಕು. ನಾಲ್ಕು ಮೀಟರ್ ಅಗಲದ, 35 ಡಿಗ್ರಿ ಓರೆಯ ಮಾಡು 2.8 ಮೀಟರ್ ಏರುತ್ತದೆ. ಲೆಕ್ಕದ ಅಗಲ 5.4 ಮೀಟರ್. ಮೂರರಲ್ಲೊಂದು ಪಾಲಿಗಿಂತ ಹೆಚ್ಚಾಯಿತು. ಪಡುವಣ ದಂಬೆ ಮಾತ್ರ ತುಂಬಿ ಹರಿಯುವ ಮನೆಗಳಲ್ಲಿ ತಪ್ಪು ಆಗಿರುವುದು ಸಾಮಾನ್ಯವಾಗಿ ಇಲ್ಲಿ.

ಆರು ಇಂಚಿನ ಅರ್ಧವೃತ್ತದ ದಂಬೆಯನ್ನು 200ಕ್ಕೆ 1ರ ಇಳುಕಲಿನಲ್ಲಿ, ಅಂದರೆ ಹತ್ತು ಮೀಟರಿಗೆ ಐದು ಸೆಂ.ಮೀ. ತಗ್ಗಿಸಿ ಕಟ್ಟಿದರೆ ಅಂಚಿನವರೆಗೆ ತುಂಬಿದಾಗ ಸೆಕೆಂಡಿಗೆ ಸುಮಾರು ಆರು ಲೀಟರ್ ಒಯ್ಯುತ್ತದೆ. ಲೆಕ್ಕಕ್ಕೆ ಅದರ ಅರ್ಧ, ಮೂರು ಲೀಟರ್ ಮಾತ್ರ ಹಿಡಿಯಿರಿ. ಉಳಿದರ್ಧ ಎಲೆಗೆ, ಕಸಕ್ಕೆ. ತೊಡಕು ಇರುವುದು ದಂಬೆಯಲ್ಲಲ್ಲ, ಇಳಿಯುವ ಕೊಳವೆಯ ಬಾಯಲ್ಲಿ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಕೋಷ್ಟಕದಂತೆ ಗಂಟೆಗೆ 100 ಮಿ.ಮೀ. ಮಳೆಗೆ 100 ಮಿ.ಮೀ. ವ್ಯಾಸದ ಕೊಳವೆ ಹೊರುವುದು ಸುಮಾರು 42 ಚದರ ಮೀಟರಿನ ಮಾಡನ್ನು, 150 ಮಿ.ಮೀ. ಮಳೆಗೆ ಅದು 28ಕ್ಕೆ ಇಳಿಯುತ್ತದೆ. ಮೇಸ್ತ್ರಿಗಳು ವಾಡಿಕೆಯಂತೆ ಒಂದು ಬದಿಗೆ ಒಂದು ನಾಲ್ಕಿಂಚು ಪೈಪು ಇಳಿಸುತ್ತಾರೆ. 60 ಚದರ ಮೀಟರಿಗೆ ಮೂರು ಬೇಕು, ಇಲ್ಲವೇ 150 ಮಿ.ಮೀ. ವ್ಯಾಸದ್ದು ಒಂದು. ಕೊಳವೆಯ ತಲೆಗೆ ಒಂದಡಿ ಉದ್ದ, ಎಂಟಿಂಚು ಅಗಲ ಮತ್ತು ಆಳದ ತಗಡಿನ ಪೆಟ್ಟಿಗೆ ಕೂರಿಸಿದರೆ ನೀರು ಸುಳಿ ತಿರುಗಿ ಗಾಳಿ ನುಂಗುವುದು ಕಡಿಮೆಯಾಗಿ ಕೊಳವೆ ಚೆನ್ನಾಗಿ ಎಳೆಯುತ್ತದೆ.

ದಂಬೆಯ ಹೊರ ಅಂಚು ಗೋಡೆಯ ಕಡೆಯ ಅಂಚಿಗಿಂತ ಒಂದು ಸೆಂ.ಮೀ. ತಗ್ಗಿರಲಿ. ಯಾವ ಲೆಕ್ಕವೂ ಒಂದು ದಿನ ಮೀರಿಯೇ ಮೀರುತ್ತದೆ. ಮೀರಿದ ನೀರು ಅಂಗಳಕ್ಕೆ ಬೀಳಬೇಕು, ಮಾಡು ಹೊರುವ ಪಕ್ಕಾಸಿನ ತಲೆಗೆ ಅಲ್ಲ. ಹಿಡಿಕೆಗಳು ಎರಡಡಿಗೊಂದು. ಪಿವಿಸಿ ದಂಬೆಯಾದರೆ ಹತ್ತು ಮೀಟರ್ ಉದ್ದದಲ್ಲಿ 30 ಡಿಗ್ರಿ ಬಿಸಿ ಏರಿಳಿತಕ್ಕೆ ಸುಮಾರು ಎರಡು ಸೆಂ.ಮೀ. ಹಿಗ್ಗಿ ಕುಗ್ಗುತ್ತದೆ. ಎಲ್ಲ ಕೀಲುಗಳನ್ನೂ ಗಮ್ಮು ಹಾಕಿ ಬಿಗಿದರೆ ಏಪ್ರಿಲ್ ಬಿಸಿಲಿಗೆ ಎಲ್ಲೋ ಸೀಳುತ್ತದೆ, ಸೀಳಿದ್ದು ತಿಳಿಯುವುದು ಜೂನಿನಲ್ಲಿ. ನಡುವೆ ಒಂದು ಕೀಲನ್ನಾದರೂ ರಬ್ಬರು ಸುತ್ತಿ ಜಾರುವಂತೆ ಬಿಡಬೇಕು.

ಹೆಂಚಿನ ಬಗ್ಗೆ ಒಂದೇ ಮಾತು. ಮಂಗಳೂರು ಹೆಂಚಿನ ಮಾಡು 30 ಡಿಗ್ರಿಗಿಂತ ಚಪ್ಪಟೆಯಾಗಬಾರದು. ನೋಟಕ್ಕೆ ಚಂದವೆಂದು 20 ಡಿಗ್ರಿಗೆ ಇಳಿಸಿದರೆ ಪಡುವಣ ಗಾಳಿ ನೀರನ್ನು ಹೆಂಚಿನ ಮಡಿಕೆಯೊಳಗೆ ಹಿಂದಕ್ಕೆ ತಳ್ಳುತ್ತದೆ. ಹಾವಸೆ ಬೆಳೆದರಂತೂ ಅದು ಬತ್ತಿಯ ಹಾಗೆ ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ.

ಮಾಡಿನ ನೀರನ್ನು ಟ್ಯಾಂಕಿಗೆ ಬಿಡುವ ಮೊದಲು ಕೊಳೆ ನೀರನ್ನು ಬೇರ್ಪಡಿಸುವ ಕೊಳವೆಯ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯಬೇಕು, ಏಕೆಂದರೆ ಮಳೆಯ ಲಯಕ್ಕೆ ಸ್ಪಂದಿಸುವ ಇಷ್ಟು ಅಗ್ಗದ ಉಪಕರಣ ಇನ್ನೊಂದಿಲ್ಲ. ಮೊದಲ ಒಂದು ಮಿ.ಮೀ. ಮಳೆ ಮಾಡನ್ನು ತೊಳೆಯುತ್ತದೆ. ನೂರು ಚದರ ಮೀಟರಿಗೆ ಅದು ನೂರು ಲೀಟರ್. 160 ಮಿ.ಮೀ. ಪೈಪಿನ ಒಂದು ಮೀಟರ್ ಸುಮಾರು 20 ಲೀಟರ್ ಹಿಡಿಯುತ್ತದೆ. ಎರಡೂವರೆ ಮೀಟರಿನ ಎರಡು ಪೈಪುಗಳನ್ನು ನೆಟ್ಟಗೆ ನಿಲ್ಲಿಸಿ ಅಡಿಯಲ್ಲಿ ಜೋಡಿಸಿದರೆ ನೂರು ಲೀಟರ್ ಆಯಿತು. ಇವು ತುಂಬಿದ ಮೇಲೆ ತೇಲುವ ಚೆಂಡು ಬಾಯಿ ಮುಚ್ಚಿ, ನೀರು ಟ್ಯಾಂಕಿಯ ಕಡೆ ತಿರುಗುತ್ತದೆ. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತಿರುವುದೇ.

ಪ್ರಶ್ನೆ ಇರುವುದು ಇದು ಖಾಲಿಯಾಗುವುದು ಯಾವಾಗ ಎಂಬುದರಲ್ಲಿ. ಅಡಿಯಲ್ಲಿ ಮೂರು ಮಿ.ಮೀ. ತೂತು ಕೊರೆದರೆ ಸುಮಾರು ಎರಡು ಗಂಟೆಯಲ್ಲಿ ಬರಿದಾಗುತ್ತದೆ. ಆರಿದ್ರಾ ಮಳೆ ಮೂರು ಗಂಟೆ ಬಿಟ್ಟು ಮತ್ತೆ ಬಂದರೆ ಆಗಲೇ ತೊಳೆದ ಮಾಡಿನ ನೂರು ಲೀಟರ್ ಒಳ್ಳೆಯ ನೀರನ್ನು ಮತ್ತೆ ಚೆಲ್ಲುತ್ತದೆ. ಒಂದು ಮಿ.ಮೀ. ತೂತಿಟ್ಟರೆ ಹದಿನಾರು ಹದಿನೇಳು ಗಂಟೆ ತೆಗೆದುಕೊಳ್ಳುತ್ತದೆ, ಆದರೆ ಅದು ಎರಡನೆಯ ವಾರಕ್ಕೆ ಕೆಸರು ಕಚ್ಚಿ ಮುಚ್ಚಿಹೋಗುತ್ತದೆ. ಆಮೇಲೆ ಪೈಪು ಯಾವಾಗಲೂ ತುಂಬಿಯೇ ಇದ್ದು ಕೊಳೆ ನೀರು ನೇರ ಟ್ಯಾಂಕಿಗೆ ಹೋಗುತ್ತದೆ. ಇದಕ್ಕೆ ಉಪಾಯ ಅಡಿಕೆ ತೋಟದಲ್ಲೇ ಇದೆ: ಹನಿ ನೀರಾವರಿಯ, ಗಂಟೆಗೆ ಎಂಟು ಲೀಟರಿನ ಸಾಧಾರಣ ಡ್ರಿಪ್ಪರ್. ಆ ಎಂಟು ಲೀಟರ್ ಪಂಪಿನ ಒತ್ತಡಕ್ಕೆ ಹೇಳಿದ್ದು. ಎರಡೂವರೆ ಮೀಟರ್ ನೀರಿನ ಎತ್ತರಕ್ಕೆ ಅದು ನಾಲ್ಕು ಲೀಟರ್ ಬಿಡುತ್ತದೆ, ಮಟ್ಟ ಇಳಿದಂತೆ ಇನ್ನೂ ಕಡಿಮೆ. ನೂರು ಲೀಟರ್ ಬರಿದಾಗಲು ಎರಡು ದಿನ ಹಿಡಿಯುತ್ತದೆ. ಎರಡು ದಿನ ಮಳೆ ಬಿಟ್ಟರೆ ಮಾಡಿನ ಮೇಲೆ ಧೂಳು, ಹಕ್ಕಿಯ ಹಿಕ್ಕೆ ಸೇರಿರುತ್ತದೆ, ಆಗ ತೊಳೆಯುವುದು ಸರಿ. ಅಷ್ಟರೊಳಗೆ ಮಳೆ ಬಂದರೆ ಪೈಪು ಅರೆ ತುಂಬಿರುತ್ತದೆ, ಸ್ವಲ್ಪವೇ ಚೆಲ್ಲುತ್ತದೆ. ಮಳೆ ಬಿಟ್ಟು ಎಷ್ಟು ಹೊತ್ತಾಯಿತು ಎಂಬುದನ್ನು ಪೈಪಿನ ನೀರಿನ ಮಟ್ಟವೇ ನೆನಪಿಟ್ಟುಕೊಂಡಿರುತ್ತದೆ. ಡ್ರಿಪ್ಪರನ್ನು ತಳದಲ್ಲಿ ಹಾಕಬೇಡಿ, ತಳದಿಂದ ಎರಡು ಇಂಚು ಮೇಲೆ ಬದಿಗೆ ಹಾಕಿ, ಒಳಗಡೆ ನೈಲಾನ್ ಬಲೆ ಕಟ್ಟಿ. ತಳದ ಮುಚ್ಚಳ ತಿರುಪಿನದಾಗಿರಲಿ, ತಿಂಗಳಿಗೊಮ್ಮೆ ಬಿಚ್ಚಿ ಕೆಸರು ತೆಗೆಯಬೇಕು. ಒತ್ತಡ ಸರಿದೂಗಿಸುವ ಜಾತಿಯ ಡ್ರಿಪ್ಪರ್ ಇಲ್ಲಿ ಆಗದು, ಇಷ್ಟು ಕಡಿಮೆ ಒತ್ತಡಕ್ಕೆ ಅದು ಸರಿಯಾಗಿ ಬಿಡುವುದಿಲ್ಲ.

ಇನ್ನು ಎರಚಲು. ಎರಡು ಮಿ.ಮೀ. ಗಾತ್ರದ ಮಳೆಹನಿ ಸೆಕೆಂಡಿಗೆ ಸುಮಾರು ಆರೂವರೆ ಮೀಟರ್ ವೇಗದಲ್ಲಿ ಬೀಳುತ್ತದೆ. ಗಾಳಿಯೂ ಅಷ್ಟೇ ವೇಗದಲ್ಲಿದ್ದರೆ, ಅಂದರೆ ಗಂಟೆಗೆ 23 ಕಿ.ಮೀ., ಹನಿ 45 ಡಿಗ್ರಿ ಓರೆಯಾಗಿ ಬರುತ್ತದೆ. ಆಗ ಮೂರಡಿ ಚಾಚಿದ ಮಾಡು ಗೋಡೆಯ ಮೇಲಿನ ಮೂರಡಿಯನ್ನು ಮಾತ್ರ ಕಾಯುತ್ತದೆ. ಹತ್ತಡಿ ಗೋಡೆಯ ಉಳಿದ ಏಳಡಿ ನೆನೆಯುತ್ತದೆ. ಹಳೆಯ ಮನೆಗಳ ಮಾಡು ತಲೆಗೆ ತಾಗುವಷ್ಟು ತಗ್ಗಾಗಿ ಜಗಲಿಯ ಮೇಲೆ ಬಾಗಿರುವುದರ ಕಾರಣ ಈ ಲೆಕ್ಕದಲ್ಲಿದೆ. ಅಂಚು 2.1 ಮೀಟರ್ ಎತ್ತರದಲ್ಲಿದ್ದು ಜಗಲಿ 1.8 ಮೀಟರ್ ಅಗಲವಿದ್ದರೆ 45 ಡಿಗ್ರಿಯ ಮಳೆ ಒಳಗೋಡೆಯ ಬುಡದ ಒಂದಡಿಯನ್ನು ಮಾತ್ರ ಮುಟ್ಟುತ್ತದೆ. ಅಂಚಿನಿಂದ ಒಂದು ಮೀಟರ್ ಮಡಲಿನ (ತೆಂಗಿನ ಗರಿಯ) ತಟ್ಟಿ ಇಳಿಬಿಟ್ಟರೆ ಗೋಡೆಯೂ ಉಳಿಯಿತು, ಗೋಡೆಯ ಪಕ್ಕದ ಎರಡಡಿ ನೆಲವೂ ಒಣಗಿರುತ್ತದೆ. ಇಷ್ಟು ಒಳ್ಳೆಯ ವ್ಯವಸ್ಥೆಯನ್ನು ಬಿಟ್ಟು ಹನ್ನೊಂದಡಿ ಎತ್ತರಕ್ಕೆ ಎರಡಡಿ ಸನ್‌ಶೇಡ್ ಹಾಕುವುದನ್ನು ಕಂಡಾಗ ಬೇಸರವಾಗುತ್ತದೆ.

ತಟ್ಟಿಯ ತೊಂದರೆ ಎಂದರೆ ಜೂನಿನಲ್ಲಿ ಕಟ್ಟಿದ್ದು ಅಕ್ಟೋಬರಿನವರೆಗೆ ಬೆಳಕು ಗಾಳಿ ಎರಡನ್ನೂ ತಡೆಯುತ್ತದೆ. ಮಳೆ ಬಂದಾಗ ಮುಚ್ಚಿ ಹೋದಾಗ ತೆರೆಯುವ ಪಟ್ಟಿಗಳ ತಟ್ಟಿ ಬೇಕು. ಮರವೇ ತೇವಕ್ಕೆ ತಾನಾಗಿ ಬಾಗಿ ಮುಚ್ಚುವ ಪ್ರಯೋಗಗಳು ಯುರೋಪಿನಲ್ಲಿ ಆಗಿವೆ. ಜರ್ಮನಿಯ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದಲ್ಲಿ ಅಖಿಮ್ ಮೆಂಗೆಸ್ ಅವರ ತಂಡ 2013ರಲ್ಲಿ ಮಾಡಿದ ಹೈಗ್ರೋಸ್ಕಿನ್ ಮಂಟಪದಲ್ಲಿ ತೆಳು ಮರದ ಹಾಳೆಗಳು ಮೋಟಾರಿಲ್ಲದೆ, ಗಾಳಿಯ ತೇವ ಏರಿದಾಗ ಮುಚ್ಚಿಕೊಂಡು ಇಳಿದಾಗ ತೆರೆದುಕೊಳ್ಳುತ್ತವೆ. ಅದ್ಭುತವಾದ ಕೆಲಸ. ಆದರೆ ಅದು ತೇವ 30 ಶೇಕಡಾದಿಂದ 90ಕ್ಕೆ ಏರಿಳಿಯುವ ಹವೆಗೆ ಹೊಂದಿಸಿದ್ದು. ನಮ್ಮಲ್ಲಿ ಆಟಿಯಲ್ಲಿ (ಜುಲೈ-ಆಗಸ್ಟ್) ಮಳೆ ಬಿಟ್ಟ ಹೊತ್ತಿನಲ್ಲೂ ತೇವ ಇಳಿಯುವುದಿಲ್ಲ. ಆ ಹಾಳೆಗಳು ಇಲ್ಲಿ ತಿಂಗಳುಗಟ್ಟಲೆ ಮುಚ್ಚಿಯೇ ಇರುತ್ತವೆ. ನಮಗೆ ಬೇಕಾದದ್ದು ತೇವವನ್ನಲ್ಲ, ಗೋಡೆಗೆ ಬಡಿಯುವ ಮಳೆಯನ್ನು ಗುರುತಿಸುವ ಉಪಾಯ.

ಅದಕ್ಕೆ ನೀರಿನ ಬಕೆಟ್ಟು ಸಾಕು. ಪಡುವಣ ಅಂಚಿನ ದಂಬೆಯ ಕೆಳಗೆ, ಒಂದು ಚದರ ಮೀಟರಿನ ತಗಡನ್ನು ನೆಟ್ಟಗೆ ಹೊರಮುಖವಾಗಿ ತೂಗಿಬಿಡಿ. ನೇರ ಬೀಳುವ ಮಳೆ ಇದಕ್ಕೆ ತಾಗುವುದಿಲ್ಲ, ಓರೆ ಮಳೆ ಮಾತ್ರ ತಾಗುತ್ತದೆ. ತಗಡಿನ ಬುಡಕ್ಕೆ ಉದ್ದಕ್ಕೆ ಸೀಳಿದ ಎರಡಿಂಚು ಪೈಪು, ಅಲ್ಲಿಂದ ಮುಕ್ಕಾಲಿಂಚು ಕೊಳವೆಯಲ್ಲಿ ಒಂದು ಬಕೆಟ್ಟಿಗೆ. ಬಕೆಟ್ಟಿನ ಅಗಲ 15 ಸೆಂ.ಮೀ., ಎರಡು ಲೀಟರಿನ ಮಟ್ಟದಲ್ಲಿ ಹೊರ ಚೆಲ್ಲುವ ತೂತು, ತಳದಲ್ಲಿ ಎರಡು ಮಿ.ಮೀ. ತೂತು. ಬಕೆಟ್ಟು ತೂಗುವುದು 25 ಸೆಂ.ಮೀ. ಉದ್ದದ ಸನ್ನೆಯ (ಸನ್ನೆಗೋಲಿನ) ಒಂದು ತುದಿಗೆ. ಇನ್ನೊಂದು ತುದಿಗೆ ಅಷ್ಟೇ ದೂರದಲ್ಲಿ ಖಾಲಿ ಬಕೆಟ್ಟಿನ ತೂಕಕ್ಕೆ ಒಂದು ಕಿಲೋ ಕೂಡಿಸಿದ ಭಾರ. ಸನ್ನೆಗೆ ಪಟ್ಟಿಗಳನ್ನೆಲ್ಲ ಜೋಡಿಸುವ ಅಲ್ಯೂಮಿನಿಯಂ ಸಲಾಕೆ. ಬಕೆಟ್ಟಿನಲ್ಲಿ ಒಂದು ಲೀಟರ್ ದಾಟಿದಾಗ ತಟ್ಟಿ ಮುಚ್ಚುತ್ತದೆ.

ಇದರ ಬುದ್ಧಿ ಇರುವುದು ತಳದ ತೂತಿನಲ್ಲಿ. ಒಂದು ಲೀಟರಿನ ಮಟ್ಟದಲ್ಲಿ ಅದು ಗಂಟೆಗೆ ಸುಮಾರು ಏಳು ಲೀಟರ್ ಸೋರುತ್ತದೆ. ಗೋಡೆಗೆ ಅಷ್ಟಕ್ಕಿಂತ ಕಡಿಮೆ ಬಡಿಯುವ ಸೋನೆಮಳೆಗೆ ತಟ್ಟಿ ಅಲುಗುವುದೇ ಇಲ್ಲ. ಗಂಟೆಗೆ 30 ಲೀಟರ್ ಬಡಿಯುವ ಎರಚಲಿಗೆ ಎರಡು ಮೂರು ನಿಮಿಷದಲ್ಲಿ ಮುಚ್ಚುತ್ತದೆ. ಮಳೆ ನಿಂತ ಏಳೆಂಟು ನಿಮಿಷದಲ್ಲಿ ಬಕೆಟ್ಟು ಹಗುರಾಗಿ ತೆರೆಯುತ್ತದೆ. ಮೊದಲ ಮೂರು ನಿಮಿಷದ ಎರಚಲು ಒಳಗೆ ಬಂದೇ ಬರುತ್ತದೆ. ಆದ್ದರಿಂದ ತಟ್ಟಿಯ ಹಿಂದಿನ ಎರಡಡಿ ನೆಲ ಹೊರಕ್ಕೆ ಓರೆಯಾದ ಕಲ್ಲಿನದ್ದಾಗಿರಲಿ.

ಪಟ್ಟಿಗಳು ಹತ್ತು ಸೆಂ.ಮೀ. ಅಗಲ, ಒಂಬತ್ತು ಸೆಂ.ಮೀ. ಅಂತರ. ಒಂದೂವರೆ ಮೀಟರ್ ಎತ್ತರಕ್ಕೆ ಹದಿನೇಳು ಸಾಕು. ಪಟ್ಟಿಯ ನಡುಗೆರೆಯಲ್ಲೇ ತಿರುಗುಗೂಟ ಬರಬೇಕು, ಇಲ್ಲದಿದ್ದರೆ ಪಟ್ಟಿಯ ತೂಕವೇ ಸನ್ನೆಯನ್ನು ಎಳೆಯುತ್ತದೆ. ಮುಚ್ಚಿದಾಗ ಒಂದರ ಮೇಲೊಂದು ಒಂದು ಸೆಂ.ಮೀ. ಮಲಗಬೇಕು. ಅಂಚಿಗೆ ಅಂಚು ಕೂಡುವಂತೆ ಮಾಡಿದರೆ ಆಟಿಯಲ್ಲಿ ಮರ ಉಬ್ಬಿ ಕಚ್ಚಿಕೊಳ್ಳುತ್ತದೆ. ಮರ ಉದ್ದಕ್ಕೆ ಉಬ್ಬುವುದಿಲ್ಲ, ಅಗಲಕ್ಕೆ ಹತ್ತು ಸೆಂ.ಮೀ.ಗೆ ಎರಡು ಮೂರು ಮಿ.ಮೀ. ಉಬ್ಬುತ್ತದೆ. ಕಿರಾಲುಬೋಗಿ, ಹಲಸು ಒಳ್ಳೆಯದು; ಬಲಿತ ಅಡಿಕೆ ಮರದ ಸಲಕೆಯೂ ಆದೀತು, ಒಳಗಿನ ಮೆದು ಭಾಗ ಪೂರ್ತಿ ಕೆತ್ತಿ ತೆಗೆದರೆ. ತಿರುಗುಗೂಟಕ್ಕೆ ನೈಲಾನ್ ಬುಷ್ ಹಾಕಿ, ಕಬ್ಬಿಣದ್ದು ಕಡಲ ಗಾಳಿಗೆ ಒಂದೇ ಮಳೆಗಾಲದಲ್ಲಿ ಹಿಡಿಯುತ್ತದೆ. ಬೇಸಿಗೆಯಲ್ಲಿ ಕಣಜದ ಹುಳ ತಿರುಗುವ ತೂತುಗಳಿಗೆ ಮಣ್ಣು ಮೆತ್ತಿ ಗೂಡು ಕಟ್ಟುತ್ತದೆ. ಮೇ ಕೊನೆಗೆ ಬರುವ ಪತ್ತನಾಜೆಯ ಮೊದಲು ಒಂದೊಂದನ್ನೂ ಕೈಯಲ್ಲಿ ತಿರುಗಿಸಿ ನೋಡಲೇಬೇಕು. ಬಕೆಟ್ಟಿನ ತೂತಿಗೆ ಎಲೆ ಚೂರು ಕೂತರೆ ತಟ್ಟಿ ಮುಚ್ಚಿಯೇ ಉಳಿದು ಒಳಗೆ ಬೂಸಲು ಹಿಡಿಯುತ್ತದೆ. ಹಾಗಾಗಿ ಕೊಳವೆಯ ಬಾಯಿಗೆ ಬಲೆ, ಮತ್ತೆ ಸನ್ನೆಯನ್ನು ಕೈಯಲ್ಲಿ ಬಿಡಿಸಲು ಒಂದು ಹಗ್ಗ.

ಗೋಡೆಯ ವಿಷಯ ಚುಟುಕಾಗಿ. ಮುರಕಲ್ಲು (ಕೆಂಪು ಲ್ಯಾಟರೈಟ್ ಕಲ್ಲು) ನೀರು ಕುಡಿಯುತ್ತದೆ, ಕುಡಿದದ್ದನ್ನು ಬಿಡಲೂ ಬೇಕು. ಭಾರತೀಯ ಮಾನಕದಲ್ಲಿ ಅದರ ನೀರು ಹೀರುವಿಕೆಯ ಮಿತಿ ತೂಕದ 12 ಶೇಕಡಾ. ಹತ್ತು ಕಲ್ಲು ಆರಿಸಿ ಒಣಗಿಸಿ ತೂಗಿ, ಒಂದು ದಿನ ನೀರಲ್ಲಿ ಮುಳುಗಿಸಿ ಮತ್ತೆ ತೂಗಿ. ಮಿತಿ ಮೀರಿದ ಕಲ್ಲನ್ನು ಪಡುವಣ ಗೋಡೆಗೆ ಹಾಕಬೇಡಿ, ಒಳಗೋಡೆಗೆ ಬಳಸಿ. ಹೊರಗೆ ನೀರು ಬಿಡದ ಬಣ್ಣ ಬಳಿದರೆ ಬುಡದಿಂದಲೂ ಬಿರುಕಿನಿಂದಲೂ ಹೊಕ್ಕ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಸೆಪ್ಟೆಂಬರಿನ ಬಿಸಿಲಿಗೆ ಬಣ್ಣವನ್ನೇ ಗುಳ್ಳೆಯಾಗಿ ಎಬ್ಬಿಸುತ್ತದೆ. ಸುಣ್ಣದ ಗಾರೆಯ ಸಂದು, ಸುಣ್ಣದ ಬಣ್ಣ, ಎರಡಡಿ ಎತ್ತರದ ಪಂಚಾಂಗ (ಗೋಡೆಯ ಅಡಿಗಟ್ಟು) ಇದ್ದರೆ ಸರಿ. ಅಂಗಳಕ್ಕೆ ಬಿದ್ದ ಹನಿ ಸಿಡಿಯುವುದು ಒಂದೂವರೆ ಅಡಿಯವರೆಗೆ, ಆದ್ದರಿಂದ ಎರಡಡಿ. 1650ರ ಸುಮಾರಿಗೆ ಶಿವಪ್ಪ ನಾಯಕ ಕಟ್ಟಿಸಿದ ಬೇಕಲ ಕೋಟೆ ಕಡಲ ಗಾಳಿಗೆ ಎದೆಯೊಡ್ಡಿ ನಿಂತಿರುವುದು ಇದೇ ಮುರಕಲ್ಲಿನಲ್ಲಿ. ಆ ಗೋಡೆಗಳಿಗೆ ಉಸಿರಾಡಲು ಯಾರೂ ಅಡ್ಡಿ ಮಾಡಿಲ್ಲ.

ಮಾಡಿನಿಂದ ಇಳಿದ ನೀರು ಅಂಗಳದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ತಂಗಬೇಕು. ನೆದರ್ಲೆಂಡ್ಸಿನ ರಾಟರ್‌ಡ್ಯಾಮಿನಲ್ಲಿ 2013ರಲ್ಲಿ ಆದ ಬೆಂಥೆಂಪ್ಲೈನ್ ಚೌಕದಲ್ಲಿ ಮೂರು ಹೊಂಡಗಳಿವೆ. ಸಾಧಾರಣ ಮಳೆಗೆ ತುಂಬುವುದು ಆಳವಿಲ್ಲದ ಎರಡು, ಬಿಡದೆ ಸುರಿದಾಗ ಮಾತ್ರ ಆಳದ್ದು ತುಂಬುತ್ತದೆ; ಉಳಿದ ದಿನ ಮಕ್ಕಳು ಅಲ್ಲಿ ಚೆಂಡಾಡುತ್ತಾರೆ. ನಮ್ಮ ಗುಡ್ಡದ ಪಳ್ಳ (ನೀರು ನಿಲ್ಲುವ ತಗ್ಗು), ಕೆಳಗಿನ ಮದಕ (ಕಟ್ಟೆ ಕಟ್ಟಿದ ಕೆರೆ), ಅದರ ಕೆಳಗಿನ ತೋಡು (ಹಳ್ಳ) ಮೊದಲಿನಿಂದಲೂ ಇದೇ ಕ್ರಮದಲ್ಲಿವೆ. ಹತ್ತು ಸೆಂಟ್ಸ್ ಜಾಗದ ಮೇಲೆ ನೂರು ಮಿ.ಮೀ. ಮಳೆ ಬಿದ್ದರೆ 40 ಸಾವಿರ ಲೀಟರ್. ಅಂಗಳದ ಒಂದು ಮೂಲೆಯನ್ನು ಆರಿಂಚು ತಗ್ಗಿಸಿ, ಅದು ತುಂಬಿದ ಮೇಲೆ ಕಣಿಗೆ, ಕಣಿಯಿಂದ ಇಂಗುಗುಂಡಿಗೆ, ಕೊನೆಗೆ ತೋಡಿಗೆ ಹೋಗುವಂತೆ ಮಾಡಿ. ಸಿಮೆಂಟಿನ ಮೇಲೆ ಕೂರಿಸಿದ ಇಂಟರ್‌ಲಾಕ್ ಒಂದು ಹನಿಯನ್ನೂ ಇಂಗಿಸುವುದಿಲ್ಲ. ಜಲ್ಲಿಪುಡಿಯ ಮೇಲೆ ಕೂರಿಸಿ.

ಇಂಗುಗುಂಡಿ ಎಲ್ಲಾ ಕಡೆ ಒಳ್ಳೆಯದು ಎಂಬ ನಂಬಿಕೆ ಅಪಾಯದ್ದು. ಒಂದಡಿ ಚೌಕದ ಒಂದಡಿ ಗುಂಡಿ ತೋಡಿ ಎರಡು ಸಲ ನೀರು ತುಂಬಿ ಇಂಗಿಸಿ, ಮೂರನೆಯ ಸಲ ಗಂಟೆಗೆ ಎಷ್ಟು ಇಳಿಯಿತು ನೋಡಿ. ಒಂದಿಂಚಿಗಿಂತ ಕಡಿಮೆಯಾದರೆ ಅಲ್ಲಿ ಗುಂಡಿ ಬೇಡ. ಈ ಪರೀಕ್ಷೆಯನ್ನು ಮಾರ್ಚಿನಲ್ಲಿ ಮಾತ್ರ ಮಾಡಿದರೆ ಸಾಲದು, ಜುಲೈಯಲ್ಲೂ ಮಾಡಬೇಕು. ಆಗ ಕೆಳಗಿನಿಂದಲೇ ನೀರು ಏಳುವ ಜಾಗಗಳಿವೆ. ಮುರಕಲ್ಲಿನ ಅಡಿಯಲ್ಲಿ ಶೇಡಿಮಣ್ಣು (ಮೆದುವಾದ ಜೇಡಿಯಂಥ ಮಣ್ಣು) ಇರುವಲ್ಲಿ, ಗುಡ್ಡ ಕಡಿದು ಮಾಡಿದ ದರೆಯ ಮೇಲ್ಗಡೆ, ಇಂಗುಗುಂಡಿ ಖಂಡಿತ ಕೂಡದು. ಶೇಡಿ ಒಣಗಿದಾಗ ಗಟ್ಟಿ, ನೀರು ಕುಡಿದಾಗ ಬೆಣ್ಣೆ. ಇಂಗಿದ ನೀರು ಅದರ ಮೇಲೆ ಅಡ್ಡಕ್ಕೆ ಹರಿದು ದರೆಯ ಮುಖವನ್ನೇ ತಳ್ಳುತ್ತದೆ. ಬಾಯಾರು, ಎಣ್ಮಕಜೆ ಕಡೆಯ ಸುರಂಗಗಳು (ನೀರಿಗಾಗಿ ಗುಡ್ಡಕ್ಕೆ ಅಡ್ಡಕ್ಕೆ ಕೊರೆದವು) ಗುಡ್ಡ ಕುಡಿದ ನೀರನ್ನು ಬೇಸಿಗೆಯಲ್ಲಿ ಮೆಲ್ಲಗೆ ಬಿಡುವುದು ಮೇಲಿನ ಗುಡ್ಡ ಇಡಿಯಾಗಿ ಉಳಿದಿರುವಲ್ಲಿ.

ಕೊನೆಗೆ ಟ್ಯಾಂಕಿ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ 20 ಲೀಟರಿನಂತೆ 150 ದಿನಕ್ಕೆ 15 ಸಾವಿರ ಲೀಟರ್ ಬೇಕು. ಮೂರು ಮೀಟರ್ ವ್ಯಾಸ, 2.1 ಮೀಟರ್ ಎತ್ತರದ ಫೆರೋಸಿಮೆಂಟ್ (ತಂತಿಬಲೆಗೆ ಸಿಮೆಂಟ್ ಮೆತ್ತಿದ) ಟ್ಯಾಂಕಿಯಲ್ಲಿ ಅದು ಬಹುಮಟ್ಟಿಗೆ ಹಿಡಿಯುತ್ತದೆ. ನೂರು ಚದರ ಮೀಟರಿನ ಮಾಡಿನಿಂದ, ನಷ್ಟ 15 ಶೇಕಡಾ ಕಳೆದು, ಇದನ್ನು ತುಂಬಲು 180 ಮಿ.ಮೀ. ಮಳೆ ಸಾಕು. ಹಾಗಾಗಿ ಜೂನಿನಲ್ಲಿ ತುಂಬಿಸಿ ಜೋಪಾನ ಮಾಡುವುದರಲ್ಲಿ ಅರ್ಥವಿಲ್ಲ, ಆ ನೀರು ಬೇಸಿಗೆ ಬರುವಷ್ಟರಲ್ಲಿ ಒಂಬತ್ತು ತಿಂಗಳ ಹಳತಾಗಿರುತ್ತದೆ. ಮಳೆಗಾಲವಿಡೀ ಟ್ಯಾಂಕಿಯ ನೀರನ್ನು ಧಾರಾಳವಾಗಿ ಬಳಸಿ, ಬಾವಿಗೆ ವಿಶ್ರಾಂತಿ ಕೊಡಿ. ಸೆಪ್ಟೆಂಬರ್ ಕೊನೆಯಲ್ಲಿ ಮಟ್ಟ ಕಾಲು ಭಾಗಕ್ಕೆ ಇಳಿಸಿ ತಳದ ಕೆಸರು ತೊಳೆಯಿರಿ. ಆಮೇಲೆ ಚಿತ್ತಾ ಮಳೆಯ ನೀರು ಹಿಡಿಯಿರಿ. ಗುಡುಗಿನ ಮಳೆ ಅರ್ಧ ಗಂಟೆಯಲ್ಲಿ 30 ಮಿ.ಮೀ. ಕೊಟ್ಟರೆ ಒಂದೇ ಸಂಜೆಗೆ ಎರಡೂವರೆ ಸಾವಿರ ಲೀಟರ್. ಅಂಥ ಆರೇಳು ಸಂಜೆ ಬೇಕು. ನವೆಂಬರ್ ಹತ್ತರವರೆಗೂ ತುಂಬದಿದ್ದರೆ ಉಳಿದದ್ದನ್ನು ಬಾವಿಯಿಂದ ತುಂಬಿಸಿಡಿ, ಬಾವಿಯಲ್ಲಿ ಆಗ ನೀರಿರುತ್ತದೆ. ಮುಚ್ಚಳದಲ್ಲಿ ಬೆಳಕಿನ ಗೆರೆಯೂ ಬೀಳಬಾರದು, ಹೊರಹರಿವಿನ ಬಾಯಿಗೆ ಸೊಳ್ಳೆ ಹೋಗದ ಬಲೆ ಕಟ್ಟಬೇಕು.

ಅಕ್ಟೋಬರಿನ ಮಳೆಯ ಜೊತೆ ಸಿಡಿಲು ಬರುತ್ತದೆ. ಪಾರೆಯ ಮೇಲಿನ ಮಳೆಮಾಪಕಕ್ಕೆ ಮನೆಯಿಂದ ತಂತಿ ಎಳೆಯಬೇಡಿ. ಬೋರ್ಡಿಗೆ ಅದರದೇ ಬ್ಯಾಟರಿ ಇರಲಿ, ದಾಖಲೆಯನ್ನು ಬೆಳಗ್ಗೆ ಹೋಗಿ ಮೊಬೈಲಿಗೆ ಇಳಿಸಿಕೊಳ್ಳಿ.